ಬಜಪೆಯ ಪದವು

ದಕ್ಷಿಣ ಕನ್ನಡದ ನೆಲವನ್ನು ಬಲ್ಲವರಿಗೆ ಬೈಲು, ಮಜಲು, ಬೆಟ್ಟು ಎಂಬ ಗದ್ದೆಯ ಮೂರು ತರಗಳನ್ನು ವಿವರಿಸಬೇಕಾದುದಿಲ್ಲ. ಕಣಿವೆಯ ತಳದ ಬೈಲು ಮೂರು ಬೆಳೆ ಕೊಡಬಲ್ಲುದು, ಮಜಲು ಎರಡು, ಬೆಟ್ಟು ಮಳೆಯನ್ನೇ ನಂಬಿ ಒಂದು. ಇವೆಲ್ಲಕ್ಕೂ ಮೇಲೆ ಮುರಕಲ್ಲಿನ ಬೋಳು ನೆತ್ತಿಯಂತೆ ಹರಡಿರುವುದೇ ಪದವು. ಮಂಗಳೂರಿನಿಂದ ಸುಮಾರು 13 ಕಿಲೋಮೀಟರು ದೂರದ ಬಜಪೆಯಲ್ಲಿ ವಿಮಾನ ಇಳಿಯುವುದು ಇಂಥ ಪದವಿನ ಮೇಲೆ.

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಅಲ್ಲಿ ಬಂದಿಳಿದರು. ನಿಲ್ದಾಣ ಆರಂಭವಾದುದು ಹಾಗೆ. ಆಗ ಜಿಲ್ಲೆಯಿನ್ನೂ ಮದರಾಸು ಪ್ರಾಂತದಲ್ಲಿದ್ದಿತು. ಮೈಸೂರು ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ 1ರಂದು. ಮುಂಬಯಿಯ ನಮ್ಮವರಿಗೆ ಊರೆಂದರೆ ಹಡಗಿನ ಇಲ್ಲವೇ ಘಟ್ಟದ ಬಸ್ಸಿನ ಪ್ರಯಾಣವಾಗಿದ್ದ ದಿನಗಳವು. ಕೊಂಕಣ ರೈಲು ಪೂರ್ತಿಯಾಗಿ ಓಡಲು 1998 ಬರಬೇಕಾಯಿತು.

ಪದವಿನ ಮೇಲೆ ನಿಲ್ದಾಣ ಮಾಡಿದುದರಿಂದ ಕೆಳಗಿನ ಗದ್ದೆ ತೋಟಗಳು ಉಳಿದವು ಎಂಬುದು ನಿಜ. ಆದರೆ ಪದವು ಬರಿದಾದ ನೆಲವೆಂಬುದು ಕಂದಾಯದ ಲೆಕ್ಕದ ಮಾತು. ದನ ಮೇಯುವುದಕ್ಕೆ, ಮನೆಗೆ ಹೊದೆಸುವ ಹುಲ್ಲಿಗೆ, ಗದ್ದೆಗೆ ಹಾಕುವ ಸೊಪ್ಪಿಗೆ ರೈತನು ಗುಡ್ಡವನ್ನೇ ಅವಲಂಬಿಸಿದ್ದನು. ವರ್ಗ ಜಮೀನಿಗೆ ತಾಗಿದ ಸರಕಾರಿ ನೆಲದಲ್ಲಿ ಅವನಿಗಿದ್ದ ಸವಲತ್ತಿಗೆ ಕುಮ್ಕಿ ಎಂದು ಹೆಸರು. ಕುಮ್ಕಿ ಸವಲತ್ತೇ ಹೊರತು ಒಡೆತನವಲ್ಲ. ಗುಡ್ಡ ಕೈತಪ್ಪಿದರೆ ಕೆಳಗಿನ ಗದ್ದೆಯ ಗೊಬ್ಬರವೂ ತಪ್ಪುವುದೆಂಬ ಲೆಕ್ಕ ಯಾವ ಕಡತದಲ್ಲಿಯೂ ಇರುವುದಿಲ್ಲ.

ಮೊದಲ ಓಡುದಾರಿ 1,615 ಮೀಟರಿನದು. ದೊಡ್ಡ ಜೆಟ್ ವಿಮಾನಗಳಿಗೆ ಅದು ಸಾಲದು. ಉದ್ದ ಮಾಡೋಣವೆಂದರೆ ಪದವಿನ ತುದಿಯಲ್ಲಿ ಕಣಿವೆ. ಕಣಿವೆಯನ್ನು ತುಂಬುವುದು ಸುಲಭವೆಂದು ತೋರಬಹುದು. ಲೆಕ್ಕ ಹಾಕಿ ನೋಡಿರಿ. 50 ಮೀಟರು ಎತ್ತರಕ್ಕೆ ಮಣ್ಣು ತುಂಬಿ, ಒಂದು ಮೀಟರು ಇಳಿತಕ್ಕೆ ಎರಡು ಮೀಟರು ಹರವಿನ ಇಳಿಜಾರು ಬಿಟ್ಟರೆ, ದಿಬ್ಬದ ಬುಡ 100 ಮೀಟರು ಆಚೆಗೆ ಚಾಚುತ್ತದೆ. ಚಾಚುವುದೆಲ್ಲಿಗೆ? ಯಾವುದನ್ನು ಉಳಿಸಲಾಗಿತ್ತೋ ಆ ಬೈಲಿಗೇ!

ಆದುದರಿಂದ 2,450 ಮೀಟರಿನ ಎರಡನೆಯ ಓಡುದಾರಿಯನ್ನು ಬೇರೆಯ ದಿಕ್ಕಿಗೆ ಯೋಜಿಸಿದರು. ಸುತ್ತಲಿನ ಊರವರು ಮೊದಲಿನಿಂದಲೂ ವಿರೋಧಿಸಿದರು. ಅವರ ವಾದ ಮನೆ ಜಮೀನುಗಳಷ್ಟಕ್ಕೆ ನಿಂತಿರಲಿಲ್ಲ. ಎರಡೂ ತುದಿಗಳಲ್ಲಿ ಕಣಿವೆಯಿರುವಾಗ, ಓಡುದಾರಿ ಮೀರಿದ ವಿಮಾನಕ್ಕೆ ನೆಲವೆಲ್ಲಿ ಎಂದೂ ಕೇಳಿದರು. ವ್ಯಾಜ್ಯ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ, 2003ರಲ್ಲಿ ಅರ್ಜಿ ವಜಾ ಆಯಿತು. 2006ರಲ್ಲಿ ಹೊಸ ಓಡುದಾರಿ ತೆರೆಯಿತು. ಅದೇ ವರುಷ ದುಬೈಗೆ ನೇರ ವಿಮಾನವೂ ಹೊರಟಿತು. ಕೊಲ್ಲಿ ನಾಡಿನಲ್ಲಿ ದುಡಿಯುವ ಮಕ್ಕಳಿರುವ ಮನೆಗಳಲ್ಲಿ ಅದೆಂಥ ಸಂತೋಷ!

2010ರ ಮೇ 22ರ ಬೆಳಗಿನಲ್ಲಿ ದುಬೈಯಿಂದ ಬಂದ ವಿಮಾನ ಓಡುದಾರಿಯನ್ನು ಮೀರಿ ಕಣಿವೆಗೆ ಬಿದ್ದಿತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಬದುಕಿದವರು ಎಂಟೇ ಮಂದಿ. ತನಿಖೆ ಮುಖ್ಯ ದೋಷವನ್ನು ಹೊರಿಸಿದುದು ಕ್ಯಾಪ್ಟನ್ನನ ಮೇಲೆ. ಮತ್ತೆ ಮೇಲೇರೋಣವೆಂದು ಸಹವೈಮಾನಿಕನು ಹೇಳಿದರೂ ಕೇಳದೆ ಇಳಿಸಿದುದರಿಂದ, 2,450 ಮೀಟರಿನಲ್ಲಿ ಸುಮಾರು 1,585 ಮೀಟರು ಕಳೆದ ಮೇಲೆಯೇ ಚಕ್ರಗಳು ನೆಲ ಮುಟ್ಟಿದ್ದವು. ಊರವರು ಹೇಳಿದಂತೆಯೇ ಆಯಿತೆಂದು ಬರೆದುಬಿಡುವುದು ಸುಲಭ. ಅದು ಪೂರ್ತಿ ನ್ಯಾಯವಲ್ಲ. ಆದರೂ ಓಡುದಾರಿಯ ಕೊನೆಯಲ್ಲಿದ್ದ ರಕ್ಷಣಾ ಪಟ್ಟಿ 90 ಮೀಟರು ಮಾತ್ರ. ಅಂತರರಾಷ್ಟ್ರೀಯ ಸಂಸ್ಥೆಯ ಶಿಫಾರಸು 240 ಮೀಟರು.

ಈ 150 ಮೀಟರುಗಳಿಗೆ ನೆಲವೆಲ್ಲಿ ಎಂಬ ಪ್ರಶ್ನೆ ಪುನಃ ಕೆಳಗಿನ ಊರುಗಳ ಬಾಗಿಲಿಗೇ ಬರುತ್ತದೆ. ನಿಲ್ದಾಣ ಬಂದ ಮೇಲೆ ಬಜಪೆಯೂ ಹಳ್ಳಿಯಾಗಿ ಉಳಿಯಲಿಲ್ಲ. ರಸ್ತೆ, ಅಂಗಡಿ, ಮನೆಗಳು ಬೆಳೆದವು. ವಿಮಾನದ ದಾರಿಯ ಕೆಳಗೆ ಮನೆ ಕಟ್ಟುವವನು ಎಷ್ಟು ಎತ್ತರ ಕಟ್ಟಬಹುದೆಂಬುದಕ್ಕೂ ವಿಮಾನ ಇಲಾಖೆಯ ಮಿತಿ ಇದೆ. ತನ್ನದೇ ವರ್ಗ ಜಮೀನಾದರೂ ಅದರ ಮೇಲಿನ ಆಕಾಶ ಅವನದಲ್ಲ.