ಮುಂಬೈನ ಕಾಫಿ ಅಂಗಡಿಗಳು: ಮಾಟುಂಗಾದ ಲೋಟ, ಬಾಂದ್ರಾದ ಕಪ್, ಎರಡನ್ನೂ ಅಳೆಯುವುದು ಹೇಗೆ?

ಮುಂಬೈ ಚಹಾದ ಊರು. ರಸ್ತೆ ಬದಿಯ ಕಟಿಂಗ್, 1904ರಿಂದ ನಡೆಯುತ್ತಿರುವ ಕಯಾನಿಯಂಥ ಇರಾನಿ ಹೋಟೆಲ್‌ಗಳ ಬನ್ ಮಸ್ಕಾ ಮತ್ತು ಚಹಾ, ಆಫೀಸಿನ ಮೂಲೆಯಲ್ಲಿ ಮೆಷಿನ್ ಚಹಾ. ಇಲ್ಲಿಗೆ ಕೆಲಸಕ್ಕೆಂದು ಬಂದಿಳಿಯುವ ಕನ್ನಡಿಗರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದೇ: 'ಇಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗುತ್ತೆ?' ಹಿಂದೆ ಇದಕ್ಕೆ ಉತ್ತರವೂ ಒಂದೇ ಇತ್ತು, ಮಾಟುಂಗಾ. ಈಗ ಬಾಂದ್ರಾ, ಖಾರ್, ಫೋರ್ಟ್ ಅಂತ ಉತ್ತರ ಉದ್ದವಾಗಿದೆ. ಗೊಂದಲವೂ ಹೆಚ್ಚಾಗಿದೆ. ಒಂದು ಕಡೆ ಲೋಟ-ಬಟ್ಟಲಿನಲ್ಲಿ ನೊರೆ ಉಕ್ಕಿಸಿ ಕೊಡುವ ಕಾಫಿ, ಇನ್ನೊಂದು ಕಡೆ ಹಾಲೂ ಇಲ್ಲದ, ಸಕ್ಕರೆಯೂ ಇಲ್ಲದ, ತೆಳ್ಳಗೆ ಕೆಂಪಗಿನ ಪೋರ್ ಓವರ್. ಬೆಲೆಯಲ್ಲಿ ಐದಾರು ಪಟ್ಟು ವ್ಯತ್ಯಾಸ.

'ಟಾಪ್ 10' ಪಟ್ಟಿ ಬೇಕಾದವರಿಗೆ ಬೇಕಾದಷ್ಟು ಕಡೆ ಸಿಗುತ್ತದೆ. ಅವುಗಳಲ್ಲಿ ಯಾವುದು ಅನುಭವ, ಯಾವುದು ಜಾಹೀರಾತು ಎಂದು ಬೇರ್ಪಡಿಸುವುದೇ ಕಷ್ಟ. ಇಲ್ಲಿ ನೋಡಹೊರಟಿರುವುದು ಸರಪಳಿ ಕಂಪನಿಗಳ ಹೊರಗಿನ ಕಾಫಿ ಅಂಗಡಿಗಳನ್ನು ಹುಡುಕಿಕೊಂಡು ಹೋಗುವವರು ಏನು ಗಮನಿಸಬೇಕು, ಏನು ಕೇಳಬೇಕು ಎಂಬುದನ್ನು.

ಸ್ವತಂತ್ರ ಅಂಗಡಿ ಯಾವುದು?

ಕೆಫೆ ಕಾಫಿ ಡೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಶುರುವಾಯಿತು. ಸ್ಟಾರ್‌ಬಕ್ಸ್ 2012ರ ಅಕ್ಟೋಬರ್‌ನಲ್ಲಿ ಟಾಟಾ ಜತೆ ಸೇರಿ ತನ್ನ ಮೊದಲ ಭಾರತೀಯ ಮಳಿಗೆಯನ್ನು ತೆರೆದದ್ದು ಮುಂಬೈನ ಹಾರ್ನಿಮನ್ ಸರ್ಕಲ್‌ನಲ್ಲಿ. ಇವು ಸರಪಳಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ 2013ರಲ್ಲಿ ದೆಹಲಿಯಲ್ಲಿ ಸಣ್ಣದಾಗಿ ಕಾಫಿ ಹುರಿದು ಮಾರಲು ಶುರು ಮಾಡಿದ ಬ್ಲೂ ಟೋಕಾಯ್ ಈಗ ಹಲವು ನಗರಗಳಲ್ಲಿದೆ. 2020ರಲ್ಲಿ ಬಾಂದ್ರಾದಲ್ಲಿ ಆರಂಭವಾದ ಸಬ್ಕೋ ಕೂಡ ಊರು ದಾಟಿದೆ. ಗೆರೆ ಎಲ್ಲಿ ಎಳೆಯುವುದು? ನನ್ನ ಲೆಕ್ಕ ಸರಳ. ಯಾವ ಬೀಜ ತರಿಸಬೇಕು, ಹೇಗೆ ಹುರಿಯಬೇಕು ಎಂದು ತೀರ್ಮಾನಿಸುವವರು ಅದೇ ಊರಿನಲ್ಲಿ ಇದ್ದು, ಗಿರಾಕಿಯ ದೂರು ಅವರ ಕಿವಿಗೆ ಬೀಳುವಂತಿದ್ದರೆ ಅದು ಸ್ವತಂತ್ರ ಅಂಗಡಿ. ಈ ಅರ್ಥದಲ್ಲಿ ಮಾಟುಂಗಾದ ಉಡುಪಿ ಹೋಟೆಲ್‌ಗಳೂ ಸ್ವತಂತ್ರ ಕಾಫಿ ಅಂಗಡಿಗಳೇ. ಇಂಗ್ಲಿಷ್ ಪಟ್ಟಿಗಳು ಅವುಗಳನ್ನು 'ಬ್ರೇಕ್‌ಫಾಸ್ಟ್' ವಿಭಾಗಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತವೆ.

ಮಾಟುಂಗಾ: ಗಡಿಬಿಡಿಯ ಕಾಫಿ

ಸೆಂಟ್ರಲ್ ಲೈನ್‌ನ ಮಾಟುಂಗಾ ಸ್ಟೇಷನ್‌ನಲ್ಲಿ ಪೂರ್ವಕ್ಕೆ ಇಳಿದರೆ ಹೊರಗೇ 1939ರ ರಾಮ್ ಆಶ್ರಯ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ 1936ರ ಕೆಫೆ ಮೈಸೂರು, 1940ರ ಕೆಫೆ ಮದ್ರಾಸ್. ಹೆಸರಲ್ಲಿ ಮದ್ರಾಸ್ ಇದ್ದರೂ ನಡೆಸುವವರು ಕಾಮತ್ ಕುಟುಂಬ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಕೂಡ ಇದೇ ಬಡಾವಣೆಯಲ್ಲಿದೆ. ಹಾಗಾಗಿ ಭಾನುವಾರ ಬೆಳಿಗ್ಗೆ ಹೋಟೆಲ್ ಮುಂದಿನ ಸರತಿಯಲ್ಲಿ ನಿಂತರೆ ಕನ್ನಡ, ತುಳು, ಕೊಂಕಣಿ, ತಮಿಳು ಎಲ್ಲವೂ ಕಿವಿಗೆ ಬೀಳುತ್ತವೆ.

ಇಲ್ಲಿ ಕೂತು ಹರಟೆ ಹೊಡೆಯುವಂತಿಲ್ಲ. ಎದುರಿನ ಕುರ್ಚಿಯಲ್ಲಿ ಅಪರಿಚಿತರು ಕೂರುತ್ತಾರೆ, ಕಾಫಿ ಮುಗಿಯುವ ಮೊದಲೇ ಬಿಲ್ ಬರುತ್ತದೆ. ಆದ್ದರಿಂದ ವಾತಾವರಣ, ವೈಫೈ, ಚಾರ್ಜಿಂಗ್ ಪಾಯಿಂಟ್ ಅಂತ ಅಂಕ ಕೊಡುವ ವಿಮರ್ಶೆಗಳು ಈ ಹೋಟೆಲ್‌ಗಳಿಗೆ ಅನ್ಯಾಯ ಮಾಡುತ್ತವೆ. ಇಲ್ಲಿ ನೋಡಬೇಕಾದದ್ದು ಡಿಕಾಕ್ಷನ್. ಒಂದೇ ಹೋಟೆಲ್‌ಗೆ ಒಮ್ಮೆ ಬೆಳಗ್ಗೆ ಬೇಗ, ಇನ್ನೊಮ್ಮೆ ಸಂಜೆ ಹೋಗಿ ಕುಡಿಯಿರಿ. ಹೊಸದಾಗಿ ಇಳಿಸಿದ ಡಿಕಾಕ್ಷನ್‌ಗೆ ಪರಿಮಳ ಇರುತ್ತದೆ. ತುಂಬಾ ಹೊತ್ತು ಬಿಸಿಯಲ್ಲಿ ಇಟ್ಟದ್ದು ಬರೀ ಕಹಿ, ಅದನ್ನು ಮುಚ್ಚಲು ಸಕ್ಕರೆ ಜಾಸ್ತಿ. ಎರಡು ಹೊತ್ತೂ ಒಂದೇ ರುಚಿ ಬಂದರೆ ಆ ಅಡುಗೆಮನೆ ಶಿಸ್ತಿನದು ಎಂದು ಧೈರ್ಯವಾಗಿ ಬರೆಯಬಹುದು.

'ಊರಿನ ರುಚಿ ಇಲ್ಲ' ಎನ್ನುವವರಿಗೆ ಒಂದು ಮಾತು. ಮುಂಬೈನಲ್ಲಿ ಎಮ್ಮೆ ಹಾಲಿನ ಬಳಕೆ ಜಾಸ್ತಿ. ಕೊಬ್ಬು ಹೆಚ್ಚಿರುವ ಹಾಲು ಕಾಫಿಯನ್ನು ಮಂದ ಮಾಡುತ್ತದೆ, ಡಿಕಾಕ್ಷನ್‌ನ ಸೂಕ್ಷ್ಮ ವಾಸನೆ ಅಡಗುತ್ತದೆ. ಅದೇ ಪುಡಿಗೆ ಹಸುವಿನ ಹಾಲು ಹಾಕಿದರೆ ರುಚಿ ಬೇರೆ. ಹಾಗಾಗಿ ಎಷ್ಟೋ ಸಲ ತಪ್ಪು ಕಾಫಿಯದ್ದಲ್ಲ.

ಪುಡಿ ಬೇಕಾದವರು ಮಾಟುಂಗಾದ ಮೈಸೂರು ಕನ್ಸರ್ನ್ಸ್‌ನಂಥ ಹಳೆಯ ಪುಡಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಎರಡು: ಪೀಬೆರಿ, ಪ್ಲಾಂಟೇಷನ್ ಎಷ್ಟೆಷ್ಟು? ಚಿಕೋರಿ ಎಷ್ಟು? ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಸೇರಿಸಿದರೆ ನೀರನ್ನು ಹಿಡಿದಿಡುತ್ತದೆ, ಡಿಕಾಕ್ಷನ್ ನಿಧಾನಕ್ಕೆ ಇಳಿದು ಗಟ್ಟಿಯಾಗುತ್ತದೆ. ಹಾಲು ಹೆಚ್ಚು ಹಾಕುವವರಿಗೆ ಸ್ವಲ್ಪ ಚಿಕೋರಿ ಬೇಕೇ ಬೇಕು, ಅದೇನೂ ಕಲಬೆರಕೆ ಅಲ್ಲ. ಆದರೆ ನಿಯಮದ ಪ್ರಕಾರ ಮಿಶ್ರಣದಲ್ಲಿ ಕನಿಷ್ಠ ಶೇ. 51ರಷ್ಟು ಕಾಫಿ ಇರಲೇಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕು. ಸೂಪರ್ ಮಾರ್ಕೆಟ್‌ನಲ್ಲಿ ಅಗ್ಗಕ್ಕೆ ಸಿಗುವ ಪೊಟ್ಟಣಗಳ ಹಿಂಬದಿ ಓದಿ, ಆ ಗಡಿಗೆ ಎಷ್ಟು ಹತ್ತಿರ ಇದೆ ಗೊತ್ತಾಗುತ್ತದೆ.

ಹಾರ್ಬರ್ ಲೈನ್‌ನಲ್ಲಿ ಮೂರು ಸ್ಟೇಷನ್

ಮಾಟುಂಗಾದಲ್ಲಿ ಕಾಫಿ ಮುಗಿಸಿ, ಕಿಂಗ್ಸ್ ಸರ್ಕಲ್ ಸ್ಟೇಷನ್‌ನಲ್ಲಿ ಹಾರ್ಬರ್ ಲೈನ್ ಹತ್ತಿದರೆ ಮಾಹಿಮ್, ಬಾಂದ್ರಾ, ಖಾರ್ ರೋಡ್. ಮೂರೇ ಸ್ಟೇಷನ್, ಕಾಫಿಯ ಇನ್ನೊಂದು ಲೋಕ. ಸಬ್ಕೋದ ಮೊದಲ ಮಳಿಗೆ ಬಾಂದ್ರಾದ ಚಾಪೆಲ್ ರಸ್ತೆಯ ಹಳೆಯ ಬಂಗಲೆಯಲ್ಲಿ ಶುರುವಾಯಿತು. ಖಾರ್‌ನ ಚುಯಿಮ್ ಎಂಬ ಹಳೆಯ ಹಳ್ಳಿಯ ಇಕ್ಕಟ್ಟಿನ ಓಣಿಗಳ ನಡುವೆ ಬೇರೂರಿದ ಕೊಯಿನೋನಿಯಾ ಈಗ ಕೆಸಿ ರೋಸ್ಟರ್ಸ್. ಇಂಥ ಕಡೆ ಬೀಜವನ್ನು ತಾವೇ ಹುರಿಯುತ್ತಾರೆ, ಯಾವ ತೋಟದ್ದು ಎಂದು ಹೇಳಿ ಕೊಡುತ್ತಾರೆ.

ಮೊದಲ ಸಲ ಇಂಥದ್ದೊಂದು ಅಂಗಡಿಯಲ್ಲಿ ಪೋರ್ ಓವರ್ ಕುಡಿದಾಗ ನಾನು ವಾಪಸ್ ಕಳಿಸಿದ್ದೆ. 'ಹುಳಿ ಆಗಿದೆ, ಹಾಲು ಒಡೆದಿದೆಯೇನೋ' ಅಂದೆ. ಅದರಲ್ಲಿ ಹಾಲೇ ಇರಲಿಲ್ಲ! ಕೌಂಟರ್‌ನ ಹುಡುಗ ನಗಲಿಲ್ಲ, ಅದು ಅವನ ದೊಡ್ಡತನ. ಹದವಾಗಿ, ಕಡಿಮೆ ಹುರಿದ ಅರೇಬಿಕಾದಲ್ಲಿ ಹಣ್ಣಿನ ಹುಳಿ ಉಳಿದಿರುತ್ತದೆ ಎಂದು ವಿವರಿಸಿದ. ನಾವು ಕುಡಿದು ಬೆಳೆದ ಕಾಫಿಯಲ್ಲಿ ಹೆಚ್ಚು ಹುರಿದ ಬೀಜ, ಚಿಕೋರಿ, ಹಾಲು ಮೂರೂ ಸೇರಿ ಆ ಹುಳಿಯನ್ನು ಅಳಿಸಿಬಿಡುತ್ತವೆ.

ಹಾಗಂತ ಎಲ್ಲ ಹುಳಿಯೂ ಗುಣ ಅಲ್ಲ. ಕಿತ್ತಳೆ, ನೇರಳೆ ನೆನಪಾಗುವ, ಹಿಂದೆಯೇ ಸಿಹಿ ಬರುವ ಹುಳಿ ಒಳ್ಳೆಯದು. ನಾಲಿಗೆ ಜುಮ್ಮೆನಿಸಿ, ನೀರುನೀರಾಗಿ, ಸಿಹಿಯೇ ಇಲ್ಲದ ಹುಳಿ ಬಂದರೆ ಕಾಫಿ ಸರಿಯಾಗಿ ಇಳಿದಿಲ್ಲ. ಪುಡಿ ತರಿಯಾಗಿರಬಹುದು, ನೀರು ತಣ್ಣಗಿರಬಹುದು. ಸಾಮಾನ್ಯವಾಗಿ 15 ಗ್ರಾಂ ಪುಡಿಗೆ 225ರಿಂದ 255 ಗ್ರಾಂ ನೀರು, ಉಷ್ಣತೆ 90ರಿಂದ 96 ಡಿಗ್ರಿ. ಎಸ್ಪ್ರೆಸೊ ಆದರೆ 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ, ಸುಮಾರು 25ರಿಂದ 30 ಸೆಕೆಂಡ್. ಕೌಂಟರ್ ಮೇಲೆ ತೂಕದ ಯಂತ್ರ ಇದೆಯೇ, ಅದನ್ನು ನಿಜವಾಗಿ ಬಳಸುತ್ತಾರೆಯೇ ನೋಡಿ. ಗೋಡೆಯ ಮೇಲಿನ ಚಿತ್ರಕ್ಕಿಂತ ಇದು ಹೆಚ್ಚು ಹೇಳುತ್ತದೆ.

ಪೊಟ್ಟಣದ ಮೇಲೆ ಹುರಿದ ದಿನಾಂಕ ಇರಬೇಕು. ಬರೀ 'ಇಷ್ಟು ತಿಂಗಳೊಳಗೆ ಬಳಸಿ' ಎಂದಿದ್ದರೆ ಸಾಲದು. ಹೆಸರು ಬೇಡ, ಒಂದು ಅಂಗಡಿಯಲ್ಲಿ ಈ ದಿನಾಂಕ ಕೇಳಿದ್ದಕ್ಕೆ 'ಮೇಡಂ, ಎಲ್ಲಾ ಫ್ರೆಶ್ಶೇ' ಎಂಬ ಉತ್ತರ ಸಿಕ್ಕಿತು. ಅಲ್ಲಿಂದ ಬೀಜ ಕೊಳ್ಳಲಿಲ್ಲ.

ತೋಟದ ಹೆಸರು ಕಪ್‌ವರೆಗೆ ಬಂದದ್ದು

ಮೆನುವಿನಲ್ಲಿ ರತ್ನಗಿರಿ, ಕೆರೆಹಕ್ಲು, ಹಾರ್ಲೆ, ಅತ್ತಿಕಾನ್ ಎಂಬ ತೋಟದ ಹೆಸರುಗಳನ್ನು ನೋಡಿದಾಗ ಮಲೆನಾಡಿನವರಿಗೆ ರೋಮಾಂಚನವಾಗುವುದು ಸಹಜ. ಬಾಬಾಬುಡನ್‌ಗಿರಿ, ಆಲ್ದೂರು, ಸಕಲೇಶಪುರ, ಬಿಳಿಗಿರಿರಂಗನ ಬೆಟ್ಟ ಎಲ್ಲವೂ ಬಾಂದ್ರಾದ ಒಂದು ಹಾಳೆಯ ಮೇಲೆ! ಆದರೆ ಇದು ಇತ್ತೀಚಿನ ಬೆಳವಣಿಗೆ. 1942ರ ಕಾಯ್ದೆಯಡಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಅಲ್ಲಿ ಎಲ್ಲರದ್ದೂ ಒಟ್ಟಾಗಿ ಗಾತ್ರ, ದರ್ಜೆಯ ಮೇಲೆ ಎ, ಎಎ, ಪೀಬೆರಿ ಎಂದು ವಿಂಗಡಣೆಯಾಗುತ್ತಿತ್ತು. ತೋಟದ ಹೆಸರಿಗೆ ಅಲ್ಲೇ ಪೂರ್ಣವಿರಾಮ. 1990ರ ದಶಕದ ಮಧ್ಯದಲ್ಲಿ ಈ ಕಟ್ಟು ಸಡಿಲವಾಗಿ, ಬೆಳೆಗಾರರು ನೇರವಾಗಿ ಮಾರುವಂತಾಯಿತು. ಇವತ್ತಿನ ಸ್ವತಂತ್ರ ರೋಸ್ಟರ್‌ಗಳು ಸಾಧ್ಯವಾದದ್ದೇ ಅದರಿಂದ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ಪೊಟ್ಟಣದ ಮೇಲೆ ಎಸ್. 795 ಎಂದಿದ್ದರೆ ಅದು ತಳಿಯ ಹೆಸರು, ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ಕೊಡುಗೆ.

ಕೊಪ್ಪದ ಕಡೆ ಸ್ವಲ್ಪ ಕಾಫಿ ಇಟ್ಟುಕೊಂಡಿರುವ ನನ್ನ ದೊಡ್ಡಪ್ಪನಿಗೆ ಇಂಥ ಮೆನುವಿನ ಫೋಟೋ ಕಳಿಸಿದ್ದೆ. 'ನ್ಯಾಚುರಲ್' ಎಂದು ಬರೆದಿದ್ದ ಕಾಫಿಗೆ ಮುನ್ನೂರು ಚಿಲ್ಲರೆ. ಫೋನ್ ಬಂತು: 'ಎಂಥದು ಮಾರಾಯ್ತಿ ಇದು, ಹಣ್ಣು ಹಾಗೇ ಒಣಗಿಸಿದ್ದಕ್ಕೆ ಇಷ್ಟು ರೇಟಾ? ನಾವು ಮಾಡೋ ಚೆರ್ರಿಯೂ ಅದೇ ಅಲ್ವಾ?' ವಿಧಾನ ಅದೇ, ನಿಜ. ಆದರೆ ಸ್ಪೆಷಾಲಿಟಿ ತೋಟದಲ್ಲಿ ಪೂರ್ತಿ ಹಣ್ಣಾದದ್ದನ್ನೇ ಆರಿಸಿ, ತೆಳುವಾಗಿ ಹರಡಿ, ದಿನಕ್ಕೆ ಹಲವು ಸಲ ಕೈಯಾಡಿಸಿ ಒಣಗಿಸುತ್ತಾರೆ. ಆಮೇಲೆ ರುಚಿ ಪರೀಕ್ಷೆಯಲ್ಲಿ 100ಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಮಾತ್ರ ಸ್ಪೆಷಾಲಿಟಿ. ಅದಕ್ಕೆ ಆಳು ಬೇಕು, ಕಣ ಬೇಕು, ಕೊಳ್ಳುವವರ ಸಂಪರ್ಕ ಬೇಕು. ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು 10 ಹೆಕ್ಟೇರ್‌ಗಿಂತ ಕಡಿಮೆ ಇರುವವರು. ದೊಡ್ಡಪ್ಪನಂಥವರು 50 ಕೆ.ಜಿ. ಚೀಲದ ಲೆಕ್ಕದಲ್ಲಿ ಊರಿನ ವ್ಯಾಪಾರಿಗೆ ಕೊಟ್ಟು ಬರುತ್ತಾರೆ. ಅವರ ಕಾಫಿ ಮುಂಬೈಗೆ ಬಂದರೂ ಹೆಸರಿಲ್ಲದೆ ಬರುತ್ತದೆ, ಯಾವುದೋ ಮಿಶ್ರಣದ ಭಾಗವಾಗಿ. ತೋಟದ ಹೆಸರು ಹಾಕುವ ಅಂಗಡಿಗಳನ್ನು ಹೊಗಳುವಾಗ ನನಗೆ ಇದು ಚುಚ್ಚುತ್ತಲೇ ಇರುತ್ತದೆ. ಸಣ್ಣ ಬೆಳೆಗಾರರ ಗುಂಪಿನಿಂದ ಕೊಂಡ ಕಾಫಿ ಇದೆಯೇ ಎಂದು ಕೌಂಟರ್‌ನಲ್ಲಿ ಒಂದು ಮಾತು ಕೇಳಿ. ರೋಬಸ್ಟಾ ಇಟ್ಟಿದ್ದಾರೆಯೇ ಎಂದೂ ಕೇಳಿ. ಕೊಡಗಿನ ಬಹುಪಾಲು ಬೆಳೆ ರೋಬಸ್ಟಾ. ಚೆನ್ನಾಗಿ ಸಂಸ್ಕರಿಸಿದ ರೋಬಸ್ಟಾವನ್ನು ಹೆಸರು ಹಾಕಿ ಮಾರುವ ಅಂಗಡಿ ಕಂಡರೆ ನನ್ನ ಕಡೆಯಿಂದ ಒಂದು ಅಂಕ ಹೆಚ್ಚು.

ಮುನ್ನೂರು ರೂಪಾಯಿ ಎಲ್ಲಿಗೆ ಹೋಗುತ್ತದೆ?

250 ಗ್ರಾಂ ಪೊಟ್ಟಣದ ಬೆಲೆ 600 ರೂ. ಎಂದಿಟ್ಟುಕೊಳ್ಳಿ. ಕಪ್‌ಗೆ 16 ಗ್ರಾಂ ಹಾಕಿದರೆ 15 ಕಪ್, ಅಂದರೆ ಕಪ್‌ಗೆ 40 ರೂ. ಬೀಜ. ಉಳಿದದ್ದು ಬಾಡಿಗೆ, ಸಂಬಳ, ಯಂತ್ರ, ಎಸಿ ಮತ್ತು ನೀವು ಎರಡು ಗಂಟೆ ಕೂರುವ ಕುರ್ಚಿ. ಮಾಟುಂಗಾದಲ್ಲಿ ಅದೇ ಕುರ್ಚಿಯಲ್ಲಿ ಎರಡು ಗಂಟೆಗೆ ಎಷ್ಟು ಜನ ಎದ್ದು ಕೂರುತ್ತಾರೆ ಎಣಿಸಿ, ಬೆಲೆಯ ಅಂತರ ಅರ್ಧ ಅಲ್ಲೇ ಅರ್ಥವಾಗುತ್ತದೆ. ಅಂದಹಾಗೆ ಬಿಲ್‌ನಲ್ಲಿ ಸೇವಾ ಶುಲ್ಕ ಸೇರಿಸಿದ್ದರೆ ಕೊಡಲೇಬೇಕೆಂದಿಲ್ಲ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ.

ಬರೆಯುವವರಿಗೆ

ಒಂದೇ ಭೇಟಿಯಲ್ಲಿ ತೀರ್ಪು ಬೇಡ. ಸಣ್ಣ ಅಂಗಡಿಗೆ ಒಂದು ಸ್ಟಾರ್ ಕೊಟ್ಟರೆ ಅದರ ಪೆಟ್ಟು ಸರಪಳಿ ಕಂಪನಿಗೆ ಬೀಳುವಂತಲ್ಲ, ನೇರವಾಗಿ ಒಂದು ಮನೆಗೇ ಬೀಳುತ್ತದೆ. ಕನಿಷ್ಠ ಎರಡು ಸಲ ಹೋಗಿ. ಒಮ್ಮೆ ಅಲ್ಲಿನ ಕಪ್ಪು ಕಾಫಿ, ಒಮ್ಮೆ ಹಾಲಿನ ಕಾಫಿ. ದುಡ್ಡು ನಿಮ್ಮ ಜೇಬಿನದೇ ಇರಲಿ, ಅಂಗಡಿಯವರು ಉಚಿತವಾಗಿ ಕೊಟ್ಟಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ. ಏನು ತರಿಸಿಕೊಂಡಿರಿ, ಯಾವ ಹೊತ್ತು, ಬೆಲೆ ಎಷ್ಟು ಎಂದು ಬರೆದರೆ ಓದುವವರಿಗೆ 'ಸೂಪರ್', 'ವೇಸ್ಟ್' ಎಂಬ ಪದಗಳಿಗಿಂತ ಹೆಚ್ಚು ಉಪಯೋಗ. ಮಹಡಿ ಹತ್ತಬೇಕಾ, ವಯಸ್ಸಾದವರು ಕೂರಲು ಬೆನ್ನಿರುವ ಕುರ್ಚಿ ಇದೆಯಾ, ಶೌಚಾಲಯ ಸ್ವಚ್ಛವಾ ಎಂಬುದನ್ನೂ ಬರೆಯಿರಿ. ಊರಿನಿಂದ ಅಪ್ಪ-ಅಮ್ಮ ಬಂದಾಗ ಎಲ್ಲಿಗೆ ಕರೆದೊಯ್ಯಬೇಕೆಂದು ಹುಡುಕುವವರು ಓದುವುದು ಅದನ್ನೇ.

ಬೀಜವನ್ನೋ ಪುಡಿಯನ್ನೋ ಕೊಳ್ಳುವಾಗ ಮನೆಯಲ್ಲಿ ಯಾವುದರಲ್ಲಿ ಮಾಡುತ್ತೀರಿ ಎಂದು ಅಂಗಡಿಯವರಿಗೆ ಹೇಳಿ. ಸ್ಟೀಲ್ ಫಿಲ್ಟರ್, ಮೋಕಾ ಪಾಟ್, ಫ್ರೆಂಚ್ ಪ್ರೆಸ್ ಒಂದೊಂದಕ್ಕೂ ಪುಡಿಯ ತರಿ ಬೇರೆ. ಮಳೆಗಾಲದಲ್ಲಿ 100 ಗ್ರಾಂಗಿಂತ ಹೆಚ್ಚು ಪುಡಿ ಮಾಡಿಸಬೇಡಿ. ಜುಲೈನ ಮುಂಬೈ ಗಾಳಿಗೆ ತೆರೆದ ಪೊಟ್ಟಣ ವಾರದಲ್ಲೇ ಪರಿಮಳ ಕಳೆದುಕೊಳ್ಳುತ್ತದೆ.