ಬುಷ್ ಅವರಿಗೆ ಎಷ್ಟು ಗೊತ್ತಿತ್ತು? ಇರಾನ್–ಕಾಂಟ್ರಾ ಹಗರಣದ ಸಾಕ್ಷ್ಯಗಳ ಮರುಪರಿಶೀಲನೆ

ಇರಾನಿಗೆ ಕ್ಷಿಪಣಿ ಮಾರಿ, ಲೆಬನಾನಿನಲ್ಲಿ ಒತ್ತೆಯಾಳಾಗಿದ್ದ ಅಮೆರಿಕನ್ನರನ್ನು ಬಿಡಿಸಿಕೊಳ್ಳಲು ರೇಗನ್ ಸರ್ಕಾರ ನಡೆಸಿದ ಗುಪ್ತ ವ್ಯವಹಾರವನ್ನು 1986ರ ನವೆಂಬರ್‌ನಲ್ಲಿ ಲೆಬನಾನಿನ ‘ಅಶ್ ಶಿರಾ’ ಪತ್ರಿಕೆ ಬಯಲಿಗೆಳೆಯಿತು. ಆಗಿನ ಉಪಾಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಅವರಿಗೆ ಇದು ಎಷ್ಟು ಗೊತ್ತಿತ್ತು ಎಂಬ ಚರ್ಚೆಯಲ್ಲಿ ನಾಲ್ಕು ಪ್ರಶ್ನೆಗಳು ಕಲಸಿಹೋಗಿವೆ. ಮಾರಾಟದ ವಿಷಯ ತಿಳಿದಿತ್ತೇ? ಅದಕ್ಕಿದ್ದ ವಿರೋಧ ತಿಳಿದಿತ್ತೇ? ಅವರು ಮಾರಾಟವನ್ನು ಬೆಂಬಲಿಸಿದ್ದರೇ? ಬಂದ ಹಣದಲ್ಲಿ ಒಂದು ಪಾಲು ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಹೋದದ್ದು ತಿಳಿದಿತ್ತೇ? ಪ್ರತಿಯೊಂದಕ್ಕೂ ಇರುವ ಸಾಕ್ಷ್ಯದ ಬಲ ಬೇರೆ.

1987ರ ಆಗಸ್ಟ್‌ನಲ್ಲಿ ‘ವಾಷಿಂಗ್ಟನ್ ಪೋಸ್ಟ್’ಗೆ ನೀಡಿದ ಸಂದರ್ಶನದಲ್ಲಿ ಬುಷ್ ತಾವು ಈ ವಿಷಯದ ಒಳಸುತ್ತಿನಲ್ಲಿರಲಿಲ್ಲ ಎಂದರು. ವಿದೇಶಾಂಗ ಸಚಿವ ಶುಲ್ಟ್ಜ್ ಮತ್ತು ರಕ್ಷಣಾ ಸಚಿವ ವೈನ್‌ಬರ್ಗರ್ ಅವರ ಗಟ್ಟಿ ಆಕ್ಷೇಪ ಕಿವಿಗೆ ಬಿದ್ದಿದ್ದರೆ ತಮ್ಮ ನಿಲುವೂ ಬೇರೆಯಾಗುತ್ತಿತ್ತೇನೋ ಎಂಬುದು ಅವರ ಸಮಜಾಯಿಷಿ.

ಈ ಮಾತಿಗೆ ಎದುರಾಗಿ ನಿಲ್ಲುವುದು 1986ರ ಜನವರಿ 7ರ ಶ್ವೇತಭವನದ ಸಭೆ. ವೈನ್‌ಬರ್ಗರ್ ಆ ದಿನ ತಮಗಾಗಿ ಕೈಯಲ್ಲಿ ಬರೆದುಕೊಂಡ ಟಿಪ್ಪಣಿಯ ಪ್ರಕಾರ, ಐವರು ಒತ್ತೆಯಾಳುಗಳ ಬಿಡುಗಡೆಗೆ ಪ್ರತಿಯಾಗಿ ಇಸ್ರೇಲ್ ಮೂಲಕ 4,000 ಟೋ (ಟ್ಯಾಂಕ್ ನಿರೋಧಕ) ಕ್ಷಿಪಣಿ ಮಾರಲು ಅಧ್ಯಕ್ಷರು ಒಪ್ಪಿದರು. ತಾವೂ ಶುಲ್ಟ್ಜ್ ಅವರೂ ವಿರೋಧಿಸಿದರು. ಸಿಐಎ ನಿರ್ದೇಶಕ ಕೇಸಿ, ಅಟಾರ್ನಿ ಜನರಲ್ ಮೀಸ್ ಮತ್ತು ಉಪಾಧ್ಯಕ್ಷರು ಪರವಾಗಿದ್ದರು. ಶುಲ್ಟ್ಜ್ 1993ರ ಆತ್ಮಕಥನದಲ್ಲಿ ಇದೇ ಸಂಗತಿಯನ್ನು ಕೊಂಚ ಬೇರೆಯಾಗಿ ಹೇಳುತ್ತಾರೆ: ಬುಷ್ ಸಭೆಯಲ್ಲಿದ್ದರು, ಆದರೆ ಆಕ್ಷೇಪಿಸಲಿಲ್ಲ. ‘ಪರವಾಗಿದ್ದರು’ ಮತ್ತು ‘ಆಕ್ಷೇಪಿಸಲಿಲ್ಲ’ ಎಂಬುದರ ನಡುವಿನ ಅಂತರ ಸಣ್ಣದಲ್ಲ. ಆದರೂ ಬುಷ್ ಅಲ್ಲಿದ್ದರು, ವಿರೋಧ ಅವರೆದುರೇ ವ್ಯಕ್ತವಾಯಿತು ಎಂಬಲ್ಲಿ ಇಬ್ಬರೂ ಒಂದಾಗುತ್ತಾರೆ. ಇಬ್ಬರೂ ವಿರೋಧಿ ಪಾಳಯದವರು, ತಮ್ಮ ನಿಲುವನ್ನು ದಾಖಲಿಸುವ ಆಸಕ್ತಿ ಅವರಿಗಿತ್ತು ಎಂಬ ಎಚ್ಚರ ಬೇಕು. ಹಾಗಿದ್ದರೂ, ವೈನ್‌ಬರ್ಗರ್ ಟಿಪ್ಪಣಿ ಹಗರಣ ಹೊರಬೀಳುವುದಕ್ಕೆ ತಿಂಗಳುಗಳ ಮುಂಚಿನದು. ಬುಷ್ ಅವರನ್ನು ಸಿಲುಕಿಸಲೆಂದು ಬರೆದದ್ದೆನ್ನಲು ಆಧಾರವಿಲ್ಲ.

1986ರ ಜುಲೈ 29ರಂದು ಜೆರುಸಲೇಮಿನಲ್ಲಿ ಇಸ್ರೇಲಿ ಅಧಿಕಾರಿ ಅಮಿರಾಮ್ ನೀರ್ ಬುಷ್ ಅವರಿಗೆ ವ್ಯವಹಾರದ ವಿವರ ನೀಡಿದ್ದನ್ನು ಅವರದೇ ಸಿಬ್ಬಂದಿ ಮುಖ್ಯಸ್ಥ ಕ್ರೇಗ್ ಫುಲ್ಲರ್ ಬರೆದಿಟ್ಟಿದ್ದಾರೆ. ಇದಕ್ಕಿಂತ ತೂಕದ್ದು ಬುಷ್ ಅವರ ದಿನಚರಿ. ಸುದ್ದಿ ಹೊರಬಿದ್ದ ಎರಡೇ ದಿನಕ್ಕೆ, ನವೆಂಬರ್ 5ರಂದು, ವಿವರಗಳನ್ನು ಪೂರ್ತಿ ಬಲ್ಲ ಕೆಲವೇ ಜನರಲ್ಲಿ ತಾವೊಬ್ಬರೆಂದು ಅವರೇ ದಾಖಲಿಸಿದ್ದಾರೆ. ಈ ದಿನಚರಿ ವಿಶೇಷ ತನಿಖಾಧಿಕಾರಿ ಲಾರೆನ್ಸ್ ವಾಲ್ಷ್ ಅವರ ಕೈಸೇರಿದ್ದು 1992ರ ಡಿಸೆಂಬರ್‌ನಲ್ಲಿ, ಬುಷ್ ಅಧ್ಯಕ್ಷೀಯ ಚುನಾವಣೆ ಸೋತ ಮೇಲೆ. ಅದೇ ತಿಂಗಳ 24ರಂದು ಬುಷ್, ವೈನ್‌ಬರ್ಗರ್ ಸೇರಿ ಆರು ಮಂದಿಗೆ ಕ್ಷಮಾದಾನ ನೀಡಿದರು. ಹೀಗೆ, ಹಗರಣದಲ್ಲಿ ಆರೋಪ ಹೊತ್ತಿದ್ದ ವೈನ್‌ಬರ್ಗರ್ ವಿಚಾರಣೆ ನಡೆಯಲೇ ಇಲ್ಲ. ಅವರ ಟಿಪ್ಪಣಿಗಳು ಪಾಟೀಸವಾಲಿಗೆ ಒಳಗಾಗುವ ಅವಕಾಶವೂ ಕೈತಪ್ಪಿತು.

ಹೀಗಾಗಿ ಮೊದಲೆರಡು ಪ್ರಶ್ನೆಗಳಿಗೆ ‘ಹೌದು’ ಎನ್ನಲು ಆಧಾರ ಸಾಕಷ್ಟಿದೆ. ಮೂರನೆಯದಕ್ಕೆ ಸಾಕ್ಷಿಗಳ ಮಾತಿನಲ್ಲೇ ವ್ಯತ್ಯಾಸವಿರುವುದರಿಂದ, ವಿರೋಧಿಸಲಿಲ್ಲ ಎನ್ನುವವರೆಗೆ ಮಾತ್ರ ಹೋಗಬಹುದು. ಕಾಂಟ್ರಾಗಳಿಗೆ ಹೋದ ಹಣದ ಅರಿವು ಬುಷ್ ಅವರಿಗಿತ್ತೆಂದು ವಾಲ್ಷ್ ತನಿಖೆಯೂ ಸಾಬೀತುಪಡಿಸಲಿಲ್ಲ. ಬುಷ್ ಪರ ವಾದಿಸುವವರು ಈ ಕೊನೆಯ ‘ಇಲ್ಲ’ವನ್ನು ಹಿಡಿದು ಮೊದಲಿನ ‘ಹೌದು’ಗಳನ್ನು ಅಳಿಸಲಾಗದು, ವಿರೋಧಿಗಳು ಮೊದಲಿನ ‘ಹೌದು’ಗಳ ಬಲದಿಂದ ಕೊನೆಯದನ್ನು ಊಹಿಸಿಕೊಳ್ಳುವುದೂ ಸಲ್ಲದು.