ಸವಕಳಿ ಲೆಕ್ಕಕ್ಕೆ ಸಿಗದ ತುಕ್ಕು

ನಮ್ಮಂಥ ಬ್ಯಾಂಕಿನವರಿಗೆ ಕಾರು ಅಂದರೆ ವರ್ಷ ವರ್ಷ ಇಳಿಯುವ ಒಂದು ಅಂಕಿ ಅಷ್ಟೆ. ಇಷ್ಟು ಪರ್ಸೆಂಟ್ ಸವಕಳಿ ಅಂತ ಕಳೆದುಬಿಟ್ಟರೆ ಲೆಕ್ಕ ತಾಳೆಯಾಗುತ್ತದೆ. ಆದರೆ ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ ಇರುವ ಈ ಮುಂಬಯಿಯಲ್ಲಿ ಕಾರಿನ ತಗಡಿಗೆ ನಮ್ಮ ಲೆಕ್ಕ ಗೊತ್ತಿಲ್ಲ. ಅದು ತನ್ನ ಪಾಡಿಗೆ ತಾನು ತುಕ್ಕು ಹಿಡಿಯುತ್ತಾ ಹೋಗುತ್ತದೆ. ಆ ನಷ್ಟ ಯಾರ ಖಾತೆಗೆ? ಕಾರು ಮಾಡಿದವನದೋ, ಕೊಂಡವನದೋ? ಕಾರಿನ ತುಕ್ಕಿನ ನೂರು ವರ್ಷದ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಚರಿತ್ರೆ.

ಮೊದಲಿಗೆ ಈ ತೊಂದರೆ ಅಷ್ಟಾಗಿ ಇರಲೇ ಇಲ್ಲ. ಆಗಿನ ಕಾರುಗಳ ಮೈ ಕುದುರೆಗಾಡಿಯ ಮೈ ಇದ್ದ ಹಾಗೆ, ಮರದ ಚೌಕಟ್ಟಿನದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಡ್ವರ್ಡ್ ಬಡ್ ಎಂಬ ಕಾರ್ಖಾನೆದಾರ 1914ರ ಹೊತ್ತಿಗೆ ಡಾಡ್ಜ್ ಕಾರುಗಳಿಗೆ ಪೂರ್ತಿ ಉಕ್ಕಿನ ಬಾಡಿ ಒದಗಿಸಲು ಶುರು ಮಾಡಿದ. ಬೇಗ ಮಾಡಬಹುದು, ಗಟ್ಟಿ, ಒಲೆಯೊಳಗಿಟ್ಟು ಬಣ್ಣವನ್ನು ಬೇಯಿಸಲೂಬಹುದು. ಆದರೆ ಮರದ ಬದಲು ಉಕ್ಕು ಬಂದ ದಿನವೇ ತುಕ್ಕೂ ಜತೆಗೆ ಬಂತು ನೋಡಿ.

ಉಕ್ಕಿಗೆ ನೀರು, ಗಾಳಿಯ ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು. ನೀರಿನಲ್ಲಿ ಉಪ್ಪಿದ್ದರೆ ಅದರಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ತುಕ್ಕಿನ ವೇಗ ಹೆಚ್ಚುತ್ತದೆ. ಹಾಗಾದರೆ ಬಣ್ಣ ಬಳಿದರೆ ಮುಗಿಯಿತಲ್ಲ ಅನ್ನಬಹುದು. ಮುಗಿಯುವುದಿಲ್ಲ. ಬರಿಯ ತಗಡಿನ ಮೇಲೆ ಹಚ್ಚಿದ ಬಣ್ಣಕ್ಕೆ ಸರಿಯಾದ ಹಿಡಿತ ಇರುವುದಿಲ್ಲ. ಒಂದು ಕಲ್ಲಿನ ಚೂರು ಬಡಿದರೆ ಸಾಕು, ತುಕ್ಕು ಬಣ್ಣದ ಅಡಿಯಲ್ಲೇ ತೆವಳಿಕೊಂಡು ಹೋಗುತ್ತದೆ. ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ.

ಇದಕ್ಕೆ ಔಷಧ ಮೊದಲೇ ಇತ್ತು. ಬರ್ಮಿಂಗ್‌ಹ್ಯಾಮಿನ ಥಾಮಸ್ ಕಾಸ್ಲೆಟ್ 1906ರಲ್ಲಿ ಒಂದು ಪೇಟೆಂಟ್ ಪಡೆದಿದ್ದ. ಕಬ್ಬಿಣವನ್ನು ಫಾಸ್ಫರಿಕ್ ಆಮ್ಲದ ದ್ರಾವಣದಲ್ಲಿ ಕಾಯಿಸಿದರೆ ಅದರ ಮೇಲೆ ಫಾಸ್ಫೇಟಿನ ತೆಳು ಪದರ ಕೂರುತ್ತದೆ, ಬಣ್ಣ ಅದನ್ನು ಕಚ್ಚಿ ಹಿಡಿಯುತ್ತದೆ. ಕಾರಿನ ಬಾಡಿಗಳಿಗೆ ಇದು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಇನ್ನೊಂದು ಔಷಧ ಅದಕ್ಕಿಂತಲೂ ಹಳೆಯದು. 1837ರಲ್ಲೇ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವುದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ನಮ್ಮ ಊರುಗಳ ಜಿಂಕ್ ಶೀಟು, ಹಳೆಯ ನೀರಿನ ಬಕೆಟ್ಟು ಎಲ್ಲ ಇದೇ. ಸತು ಮಾಡುವ ಕೆಲಸವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಜಾಮೀನುದಾರ! ಗೀರು ಬಿದ್ದು ಉಕ್ಕು ಬಯಲಾದರೂ ಮೊದಲು ಸವೆಯುವುದು ಸತು. ಜಾಮೀನುದಾರನ ಗಂಟು ಪೂರ್ತಿ ಕರಗುವ ತನಕ ಸಾಲಗಾರನ ಮೈ ಮುಟ್ಟುವ ಹಾಗಿಲ್ಲ.

ಹೀಗೆ ಔಷಧ ಎರಡಿದ್ದರೂ ರೋಗ ಹೆಚ್ಚಾದದ್ದೇಕೆ? ಎರಡು ಕಾರಣ ಕಾಣುತ್ತವೆ. ಒಂದು, ಹಳೆಯ ಕಾರುಗಳಿಗೆ ಅಡಿಯಲ್ಲಿ ದಪ್ಪ ಚಾಸಿ ಇರುತ್ತಿತ್ತು. ಬಾಡಿ ತೂತಾದರೂ ಕಾರು ನಿಲ್ಲುತ್ತಿತ್ತು. 1934ರ ಸಿಟ್ರೊಯೆನ್ ಟ್ರಾಕ್ಸಿಯೋಂ ಅವಾಂ ಬಂದ ಮೇಲೆ ಚಾಸಿ ಬಿಟ್ಟು, ತೆಳು ತಗಡನ್ನೇ ಮಡಚಿ ಬೆಸೆದು, ಬಾಡಿಯೇ ಭಾರ ಹೊರುವ ರೀತಿ ಹಬ್ಬಿತು. ಬಾಗಿಲ ಕೆಳಗಿನ ಪಟ್ಟಿಯಂಥ ಮುಚ್ಚಿದ ಕೊಳವೆಗಳ ಒಳಗೆ ಬ್ರಷ್ಷೂ ಹೋಗದು, ಸ್ಪ್ರೇಯೂ ಹೋಗದು. ನೀರು ಮಾತ್ರ ಹೋಗುತ್ತದೆ! ಎರಡು, ಎರಡನೆಯ ಮಹಾಯುದ್ಧದ ನಂತರ ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದು ವಿಪರೀತವಾಯಿತು.

ಕೊಳವೆಯ ಸಮಸ್ಯೆಗೆ ಉತ್ತರ ಕೊಟ್ಟದ್ದು ಫೋರ್ಡ್ ಕಂಪನಿಯ ಜಾರ್ಜ್ ಬ್ರೂವರ್ ತಂಡ. ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುವುದು. ಬಣ್ಣದ ಕಣಗಳು ತಾವಾಗಿಯೇ ಮೂಲೆ ಮೂಲೆಗೂ ಹೋಗಿ ಅಂಟಿಕೊಳ್ಳುತ್ತವೆ. 1963ರಲ್ಲಿ ಮಿಷಿಗನ್ ರಾಜ್ಯದ ವಿಕ್ಸಮ್ ಕಾರ್ಖಾನೆಯಲ್ಲಿ ಇದು ಕಾರಿನ ಬಾಡಿಗಳಿಗೆ ಬಂತು. 1970ರ ದಶಕದ ನಡುವೆ ವಿದ್ಯುತ್ತಿನ ದಿಕ್ಕು ಬದಲಿಸಿ, ಬಾಡಿಯನ್ನೇ ಋಣ ಧ್ರುವವಾಗಿ ಮಾಡಿದ ಮೇಲೆ ರಕ್ಷಣೆ ಇನ್ನೂ ಗಟ್ಟಿಯಾಯಿತು.

ಆದರೂ ಎಲ್ಲ ಕಂಪನಿಗಳೂ ಕೂಡಲೇ ಖರ್ಚಿಗೆ ಮುಂದಾಗಲಿಲ್ಲ. ಬಿಸಿ ಮುಟ್ಟಬೇಕಾಯಿತು. 1972ರಲ್ಲಿ ಹೊರಬಂದ ಇಟಲಿಯ ಲ್ಯಾಂಚಿಯಾ ಬೀಟಾ ಕಾರುಗಳಲ್ಲಿ ಎಂಜಿನ್ ಹೊರುವ ಚೌಕಟ್ಟಿಗೇ ತುಕ್ಕು ಹಿಡಿಯಿತು. 1980ರಲ್ಲಿ ಬ್ರಿಟನ್ನಿನ ಪತ್ರಿಕೆಗಳು ಹಿಗ್ಗಾಮುಗ್ಗಾ ಬರೆದವು, ಕಂಪನಿ ಅನೇಕ ಕಾರುಗಳನ್ನು ವಾಪಸು ಕೊಳ್ಳಬೇಕಾಯಿತು. ಕೆಟ್ಟ ಹೆಸರು ಹೋಗಲೇ ಇಲ್ಲ; 1994ರಲ್ಲಿ ಲ್ಯಾಂಚಿಯಾ ಬ್ರಿಟನ್ ಮಾರುಕಟ್ಟೆಯನ್ನೇ ಬಿಟ್ಟಿತು. ಇತ್ತ ಪೋರ್ಷೆ ಕಂಪನಿ 1976ರ ಮಾದರಿಯ 911 ಕಾರಿಗೆ ಸತು ಲೇಪಿತ ಉಕ್ಕು ಬಳಸಿ, ತುಕ್ಕಿನ ವಿರುದ್ಧ ಆರು ವರ್ಷದ ವಾರಂಟಿ ಕೊಟ್ಟಿತು. 1985ರಲ್ಲಿ ಆಡಿ 100ರ ಬಾಡಿಯೂ ಪೂರ್ತಿ ಸತು ಲೇಪಿತವಾಯಿತು. ಗಮನಿಸಿ, ಸತುವಿನ ಪೇಟೆಂಟ್ ಆಗಿ ಆಗಲೇ ಸುಮಾರು 140 ವರ್ಷ! ಕೊರತೆ ಇದ್ದದ್ದು ವಿದ್ಯೆಗಲ್ಲ. ನಷ್ಟ ಗಿರಾಕಿಯ ಖಾತೆಗೆ ಬೀಳುವಷ್ಟು ಕಾಲ ಕಂಪನಿಗೆ ಅವಸರ ಇರಲಿಲ್ಲ. ವಾರಂಟಿ ಅಂತ ಕಾಗದದ ಮೇಲೆ ಬಂದಾಗ ನಷ್ಟ ಕಂಪನಿಯ ಖಾತೆಗೆ ವರ್ಗವಾಯಿತು.

ಈಗ ಮುಂಬಯಿಗೆ ಬನ್ನಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕುರ್ಲಾದಲ್ಲಿ ಫಿಯೆಟ್ ಕಾರು ಮಾಡುತ್ತಿತ್ತು. (ಕಾರು ಕಾರ್ಖಾನೆಗಾಗಿ ಅದಕ್ಕೂ ಮೊದಲೇ ಓಡಾಡಿದವರು ನಮ್ಮ ವಿಶ್ವೇಶ್ವರಯ್ಯನವರು ಎಂಬುದು ಕನ್ನಡಿಗರು ಮರೆಯಬಾರದ ಮಾತು.) 1964ರ ಫಿಯೆಟ್ 1100 ಡಿಲೈಟೇ ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಕಾರು. ಅದೂ ಚಾಸಿಯಿಲ್ಲದ, ಬಾಡಿಯೇ ಭಾರ ಹೊರುವ ಜಾತಿ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಲೈಸೆನ್ಸ್ ಕಾಲ ಅದು. ಕಾರು ಸಿಕ್ಕರೆ ಸಾಕು ಅನ್ನುವವನು ತುಕ್ಕಿನ ವಾರಂಟಿ ಕೇಳುತ್ತಾನೆಯೇ? ಯುರೋಪಿನಲ್ಲಿ ಗಿರಾಕಿ ತಿರುಗಿಬಿದ್ದು ಪಡೆದದ್ದನ್ನು ಇಲ್ಲಿ ಕ್ಯೂನಲ್ಲಿ ನಿಂತವನು ಕೇಳುವ ಹಾಗೇ ಇರಲಿಲ್ಲ.

ಹೀಗಾಗಿ ಪೂರ್ತಿ ಹೊರೆ ಹೊತ್ತವರು ಕಪ್ಪು-ಹಳದಿ ಟ್ಯಾಕ್ಸಿಯವರು. ಟ್ಯಾಕ್ಸಿ ಸಾಲದ ಫೈಲುಗಳನ್ನು ನೋಡಿದವರಿಗೆ ಗೊತ್ತು: ಕಂತು ತಪ್ಪುವುದು ಮಳೆಗಾಲದ ಆಸುಪಾಸು, ಇಲ್ಲವೇ ಆರ್‌ಟಿಓ ಪಾಸಿಂಗ್ ಹತ್ತಿರ ಬಂದಾಗ. ಟಿಂಕರ್ ಹತ್ತಿರ ಬಿಟ್ಟು, ಕೊಳೆತ ತಗಡು ಕತ್ತರಿಸಿ, ಹೊಸ ತುಂಡು ಗ್ಯಾಸ್ ವೆಲ್ಡಿಂಗ್ ಮಾಡಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಸಬೇಕು. ಅಷ್ಟು ದಿನ ದುಡಿಮೆಯೂ ಇಲ್ಲ. ಕೆಲವರು ಹಳೆಯ ಎಂಜಿನ್ ಆಯಿಲ್ಲನ್ನು ಅಡಿಗೆ ಬಳಿಸುತ್ತಿದ್ದರು. ಅದೇ ಬಡವರ ಆ್ಯಂಟಿ-ರಸ್ಟ್. ಒಬ್ಬ ಚಾಲಕ ನನಗೆ ಹೇಳಿದ್ದು: "ಸಾಹೇಬ್, ನಿಮ್ಮ ಬಡ್ಡಿಗಾದರೂ ರೇಟು ಅಂತ ಇದೆ, ಈ ಜಂಗ್‌ಗೆ ಅದೂ ಇಲ್ಲ."

ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್‌ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆ ಬಿಟ್ಟಿತು. ಪತ್ರಿಕೆಗಳು ಕಂಬನಿ ಮಿಡಿದವು. ಆ ತಗಡನ್ನು ಅಷ್ಟು ವರ್ಷ ಜೀವಂತ ಇಟ್ಟ ಟಿಂಕರ್‌ಗಳ ಬಗ್ಗೆ ಒಂದೆರಡು ಸಾಲು ಜಾಸ್ತಿ ಬರೆಯಬಹುದಿತ್ತು.

ಇಂದಿನ ಕಾರುಗಳಿಗೆ ಕಾರ್ಖಾನೆಯೇ ಫಾಸ್ಫೇಟು, ವಿದ್ಯುತ್ ಲೇಪ ಕೊಡುತ್ತದೆ, ಎಷ್ಟೋ ಕಾರುಗಳಲ್ಲಿ ಸತುವೂ ಇದೆ. ಆದರೂ ನಮ್ಮ ಪಾಲಿನ ಕೆಲಸ ಸ್ವಲ್ಪ ಉಳಿದಿದೆ. ಬಾಗಿಲ ಅಡಿಯ ನೀರಿಳಿಯುವ ತೂತುಗಳು ಕಟ್ಟದಂತೆ ನೋಡಿಕೊಳ್ಳಿ. ಮಳೆ ಮುಗಿದ ಮೇಲೆ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಸಿ. ಒದ್ದೆ ಮ್ಯಾಟು ಎತ್ತಿ ಒಣಗಿಸಿ. ಒದ್ದೆ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ. ಗುಳ್ಳೆ ಕಂಡರೆ ಬಿಳಿ ಲೋಹ ಕಾಣುವ ತನಕ ಉಜ್ಜಿಸಿ, ಪ್ರೈಮರ್ ಹಚ್ಚಿಸಿ, ಆಮೇಲೆ ಬಣ್ಣ. ತುಕ್ಕಿನ ಮೇಲೇ ಪುಟ್ಟಿ ಮೆತ್ತುವುದು ಹಳೆ ಸಾಲ ಮುಚ್ಚಲು ಹೊಸ ಸಾಲ ಕೊಟ್ಟ ಹಾಗೆ. ಪುಸ್ತಕ ಚೊಕ್ಕ ಕಾಣುತ್ತದೆ, ಒಳಗೆ ತೂತು ದೊಡ್ಡದಾಗುತ್ತಿರುತ್ತದೆ. ಮತ್ತೆ ಹೊಸ ಕಾರು ಕೊಳ್ಳುವಾಗ ಮೈಲೇಜು ಕೇಳುವ ಹಾಗೆಯೇ ಬಾಡಿ ತೂತಾಗುವುದರ ವಿರುದ್ಧ ಎಷ್ಟು ವರ್ಷದ ವಾರಂಟಿ ಎಂದೂ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಕೇಳುವ ಗಿರಾಕಿ ಇಲ್ಲದ ಕಡೆ ತುಕ್ಕಿನ ನಷ್ಟ ಯಾವತ್ತೂ ಗಿರಾಕಿಯ ಖಾತೆಗೇ ಬಿದ್ದಿದೆ.